ಅತಿಥಿಗಳ ಪಟ್ಟಿಯಲ್ಲಿ ನನ್ನ ಹೆಸರು

ಕರಾಮ, ದುಬೈ
೨೮ ಮಾರ್ಚ್ ೨೦೧೪, ಶುಕ್ರವಾರ

ಪ್ರೀತಿಯ ನಾರ್ಬರ್ಟಣ್ಣನಿಗೆ ತಂಗಿಯ ನಮಸ್ಕಾರ.

ಇವತ್ತು ತಪಸ್ಸು ಕಾಲದ ಉಪವಾಸ. ಕಪ್ಪು ಚಹಾ ಬಿಟ್ಟು ಏನೂ ಮುಟ್ಟಿಲ್ಲ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು, ರೂಮಿನ ನಾಲ್ವರ ಬಟ್ಟೆ ಒಗೆದು ಹರವಿ ಈಗ ಕೂತೆ. ನಿನ್ನ ಮೊಣಕಾಲು ಹೇಗಿದೆ? ಅತ್ತಿಗೆಯ ಶುಗರ್? ಉಪವಾಸದ ದಿನ ಸಿಟ್ಟು ಮಾಡಬಾರದೆಂದು ಗೊತ್ತು, ಆದರೂ ಬರೆಯುತ್ತೇನೆ. ಫೋನು ಮಾಡಿದರೆ ನೀನು "ಹೋಗೇ ಮಾರಾಯ್ತಿ" ಎಂದು ನಗಾಡಿ ಇಟ್ಟುಬಿಡುತ್ತೀ.

ನಿನ್ನ ಮಗಳು ಮೆಲಿಸ್ಸಾಳ ಮದುವೆ ಕಾಗದದ ಫೋಟೋ ರೂಮಿನ ಸ್ಟೇಸಿಯ ಮೊಬೈಲಿಗೆ ಬಂತು. ಕರೆಯುವ ಮನೆಯವರ ಸಾಲಿನಲ್ಲಿ ತಮ್ಮ ಗೇಬ್ರಿಯಲ್ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ಅವಳ ಅಣ್ಣನೂ ಇದ್ದಾನೆ. ನಾನು ಮಾತ್ರ ಕೆಳಗೆ, 'ವಿದೇಶದಿಂದ ಬರುವ ಅತಿಥಿಗಳು' ಎಂಬಲ್ಲಿ: 'ಶ್ರೀಮತಿ ವೆರೋನಿಕಾ, ದುಬೈ'. ನಿನಗೆ ನಾನು ಯಾವಾಗ ಶ್ರೀಮತಿಯಾದೆ ಅಣ್ಣಾ? ಅತ್ತಿಗೆ ಕಾಮಾಲೆಯಾಗಿ ಮಲಗಿದ್ದ ಆರು ತಿಂಗಳು ಆ ಮಗುವನ್ನು ಸೊಂಟದಿಂದ ಇಳಿಸದೆ ಸಾಕಿದ್ದು ಅತಿಥಿಯಾ?

ನಾನು ಕೆಲಸ ಮಾಡುವ ಶಾಲೆಯಲ್ಲಿ ಕ್ಯಾರಿಸ್ ಎಂಬ ಟೀಚರಿದ್ದಾರೆ. ಈ ತಿಂಗಳ ಮೊದಲಿಗೆ ಅವರ ಊರಿನ ಸಂತರ ಹಬ್ಬವೆಂದು ಹಳದಿ ಹೂ ಸಿಕ್ಕಿಸಿಕೊಂಡು ಬಂದಿದ್ದರು. "ಇಂಗ್ಲಿಷಿನವರ ಹಬ್ಬವಾ ಮೇಡಂ?" ಎಂದೆ. "ನಾನು ಇಂಗ್ಲಿಷಿನವಳಲ್ಲ, ವೆಲ್ಷ್" ಎಂದರು. ಆ ಹೆಸರೂ ಅವರು ಇಟ್ಟುಕೊಂಡದ್ದಲ್ಲವಂತೆ. ಎಷ್ಟೋ ಕಾಲದ ಹಿಂದೆ ಕಡಲು ದಾಟಿ ಬಂದ ಇಂಗ್ಲಿಷರ ಹಿರಿಯರು, ಮೊದಲೇ ಅಲ್ಲಿದ್ದ ಇವರನ್ನು ಹಾಗೆ ಕರೆದರಂತೆ. ಅರ್ಥ 'ಹೊರಗಿನವರು' ಎಂದು. ತಮ್ಮ ನೆಲದಲ್ಲೇ ಹೊರಗಿನವರು! ಅವರು ತಮ್ಮನ್ನು ಕರೆದುಕೊಳ್ಳುವುದು 'ಕಮ್ರಿ', ಅಂದರೆ ಒಂದೇ ನೆಲದವರು. ಆ ದಿನ ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಅವರಿಗೆ ಆ ಹೆಸರಿಟ್ಟದ್ದು ಬೇರೆಯವರು, ನನಗೆ ಇಟ್ಟದ್ದು ಒಡಹುಟ್ಟಿದ ನೀನು. ಇಪ್ಪತ್ತೆರಡು ವರ್ಷ ದುಡಿದರೂ ವೀಸಾ ಮುಗಿದ ದಿನ ಇಲ್ಲಿಂದ ಹೊರಡಬೇಕು. ಸರಿ, ಇದು ಅರಬರ ನೆಲ. ಅಪ್ಪನ ಅಂಗಳದಲ್ಲೂ ನಾನು ಹೊರಗಿನವಳಾ?

ಮೆಲಿಸ್ಸಾಳಿಗೆ ಮುತ್ತು. ಅವಳಿಗಾಗಿ ದಿನಾ ಜಪಸರ ಹೇಳುತ್ತೇನೆ. ನಿನಗಾಗಿಯೂ, ಹಲ್ಲು ಕಚ್ಚಿಕೊಂಡು. ದೇವರು ಎಲ್ಲರನ್ನೂ ಕಾಯಲಿ.

ಬರೀ ವೆರೋನಿಕಾ

ತಾ.ಕ.: ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ಮೊದಲು ತೆಂಗಿನಹಾಲು ಹಚ್ಚುವುದು ಮನೆಯವರು, ಆಮೇಲೆ ಬಂದವರು. ನಾನು ಯಾವ ಸಾಲು? ಒಂದೇ ಮಾತು ಬರೆ. ಬಂದವರ ಸಾಲಾದರೆ ನಾನು ರಜೆ ಕೇಳುವುದಿಲ್ಲ, ಬರುವುದೂ ಇಲ್ಲ. ಈ ಪತ್ರ ತಂದವನು ನಮ್ಮ ಕೆಳಗಿನ ಅಂಗಡಿಯ ಭಟ್ಕಳದ ಹಂಝ. ವಾಪಸು ಹೊರಡುವ ಮುಂಚೆ ನಿನ್ನ ಉತ್ತರ ತೆಗೆದುಕೊಂಡು ಬಾ ಎಂದು ಅವನಿಗೆ ಹೇಳಿದ್ದೇನೆ. ಮೀನಿನ ಊಟ ಹಾಕಿಯೇ ಕಳಿಸು. ಅತಿಥಿ ಅವನು.