ಕಲ್ಲಿನ ಚೌಕದಲ್ಲಿ ಉಳಿದ ಜಾಗ

ಕಟ್ಟಪ್ಪನ
ನವೆಂಬರ್ 14

ನನ್ನ ಶೆರೀ,

ಬೈಯಬೇಡ, ಬೈಯಬೇಡ, ಬೈಯಬೇಡ! ಮದುವೆಯಾಗಿ ಮೂರು ತಿಂಗಳಾಯಿತು. ಮಸ್ಕತ್‌ನಲ್ಲಿ ಕೂತು ನೀನು ಕಳಿಸಿದ ಹದಿನೇಳು ವಾಟ್ಸಾಪ್ ಸಂದೇಶಗಳಿಗೆ ಒಂದೂ ಉತ್ತರವಿಲ್ಲ. ಈಗ ನೋಡಿದರೆ ಕಾಗದ, ಪೆನ್ನು, ಅದೂ ಮಲಯಾಳಂ ಲಿಪಿಯಲ್ಲಿ! ತರಗತಿಯಲ್ಲಿ ಮಲಯಾಳಂ ಮಾತಾಡಿದೆವೆಂದು ನಮ್ಮಿಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದ್ದ ಸಿಸ್ಟರ್ ಇದನ್ನು ಕಂಡರೆ ಮೂರ್ಛೆ ಹೋದಾರು. ಅಕ್ಷರ ಸೊಟ್ಟಗಿವೆ, ನಗು, ಪರವಾಗಿಲ್ಲ. ನನ್ನ ಅತ್ತೆ, ಅಮ್ಮಚ್ಚಿ, ದಿನಾ ಮಧ್ಯಾಹ್ನ ಎದುರಿಗೆ ಕೂರಿಸಿಕೊಂಡು ತಿದ್ದಿಸಿದ ಅಕ್ಷರಗಳಿವು. ಇನ್ನು ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಭಾಷೆ ಬರೆಯುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಯಾಕೆಂದು ಹೇಳುತ್ತೇನೆ.

ಮೊದಲು ಖುಷಿಯ ಸುದ್ದಿ. ನಾನು ತುಂಬಾ ತುಂಬಾ ಸುಖವಾಗಿದ್ದೇನೆ ಕಣೇ! ನನ್ನ ಇಚ್ಚಾಯನಷ್ಟು ಒಳ್ಳೆಯ ಗಂಡ ಈ ಬೆಟ್ಟದ ಮೇಲೆ ಇನ್ನೊಬ್ಬನಿಲ್ಲ. ಟಿಜೋ ಅಂತ ಹೆಸರು ಹಿಡಿದು ಕರೆದರೆ ಅಮ್ಮಚ್ಚಿ ಕೆಮ್ಮುತ್ತಾರೆ, ಅದಕ್ಕೇ ಇಚ್ಚಾಯ. ಸಮಾಧಿ ಕಲ್ಲು ಮಾಡುವವನನ್ನು ಕಟ್ಟಿಕೊಂಡೆಯಾ ಅಂತ ನೀನು ಹೌಹಾರಿದ್ದೆ, ನೆನಪಿದೆಯಾ? ಹೆಣ್ಣು ನೋಡಲು ಬಂದ ದಿನ ಇಬ್ಬರನ್ನೇ ಮಾತಾಡಲು ಬಿಟ್ಟರೆ, ಈ ಪುಣ್ಯಾತ್ಮ ಹೇಳಿದ್ದೇನು ಗೊತ್ತಾ?

"ಬೇರೆಯವರು ಕಲ್ಲಿನ ಮೇಲೆ ಕ್ಯೂಆರ್ ಕೋಡ್ ಕೊರೆದು ಅದರೊಳಗೆ ವೆಬ್‌ಸೈಟಿನ ವಿಳಾಸ ಇಡ್ತಾರೆ. ನಾಲ್ಕು ವರ್ಷಕ್ಕೆ ಆ ವೆಬ್‌ಸೈಟು ಮುಚ್ಚುತ್ತೆ. ಆಮೇಲೆ ಅಜ್ಜನ ಸಮಾಧಿಗೆ ಫೋನು ಹಿಡಿದರೆ ಪುಟ ಸಿಗಲಿಲ್ಲ ಅಂತ ಬರುತ್ತೆ. ನಾನು ಹಾಗೆ ಮಾಡಲ್ಲ. ಮಾತೆಲ್ಲ ಚೌಕದೊಳಗೇ ಇರುತ್ತೆ. ನೆಟ್ಟೂ ಬೇಡ, ಯಾರ ಹಂಗೂ ಬೇಡ. ಒಂದು ಮೂಲೆ ಒಡೆದರೂ ಓದಬಹುದು."

"ಅಜ್ಜ ಎಷ್ಟು ಮಾತಾಡಬಹುದು?" ಅಂದೆ.

"ಇಂಗ್ಲಿಷ್ ಅಕ್ಷರದಲ್ಲಾದರೆ ಸಾವಿರದ ಇನ್ನೂರು. ಮಲಯಾಳಂ ಒಂದಕ್ಷರ ಮೂರರ ಜಾಗ ತಿನ್ನುತ್ತೆ, ನಾನೂರಕ್ಕೇ ಮುಗೀತು."

"ಹಾಗಾದರೆ ನಿಮ್ಮೂರಲ್ಲಿ ಸತ್ತವರೆಲ್ಲ ಇಂಗ್ಲಿಷ್ ಮೀಡಿಯಂ!" ಅಂದುಬಿಟ್ಟೆ. ಅವರು ನಗಬೇಕಾದ ಜಾಗದಲ್ಲಿ ನಗಲಿಲ್ಲ. ಅಂದೇ ಮನಸೋತೆ.

ಯಾಕೆ ನಗಲಿಲ್ಲವೆಂದು ಇಲ್ಲಿಗೆ ಬಂದಮೇಲೆ ತಿಳಿಯಿತು. ಮನೆಯ ಹಿಂದಿನ ಇಳಿಜಾರಿನಲ್ಲಿ ಚರ್ಚಿನ ಸ್ಮಶಾನವಿದೆ. ಅಲ್ಲಿ ಫೋನಿಗೆ ಒಂದು ಕಡ್ಡಿಯೂ ನೆಟ್‌ವರ್ಕ್ ಇಲ್ಲ. ಇಚ್ಚಾಯ ಕೊರೆದ ಮೊದಲ ಚೌಕ ಅಲ್ಲೇ ಇದೆ, ಅವರ ತಂಗಿ ಆಲ್ಫಿಯದು. ಎರ್ನಾಕುಳಂನಲ್ಲಿ ಜಾಹೀರಾತಿಗೆ ಚಿತ್ರ ಬಿಡಿಸುವ ಕೆಲಸ, ಹಾಸ್ಟೆಲ್ ವಾಸ. ನಾಲ್ಕು ವರ್ಷದ ಹಿಂದೆ ಇಲಿಜ್ವರದಿಂದ ಹೋದಳು, ಇಪ್ಪತ್ತಮೂರು ವಯಸ್ಸು. "ಗುರುವಾರ ಜ್ವರ, ಶನಿವಾರ ಮಗಳಿಲ್ಲ. ಎರಡೇ ದಿನ ಮೋಳೆ, ಯಾರು ಏನು ಮಾಡೋಕಾಗ್ತಿತ್ತು?" ಎನ್ನುತ್ತಾರೆ ಅಮ್ಮಚ್ಚಿ, ನನ್ನನ್ನೂ ಮಗಳೇ ಅಂತ ಕರೆದು. ದಿನಕ್ಕೆ ಒಮ್ಮೆಯಾದರೂ ಅನ್ನುತ್ತಾರೆ, ಜಪಸರದ ಮಣಿ ಎಣಿಸಿದ ಹಾಗೆ. ಆ ಎರಡು ದಿನದ ಮೇಲೇ ಅವರು ನಿಂತಿದ್ದಾರೆ.

ಅವಳು ಅಣ್ಣನಿಗೆ ಕಳಿಸಿದ ಕೊನೆಯ ತಿಂಗಳ ಸಂದೇಶಗಳನ್ನು, ವಾರದ ಹೆಸರು ಸಮೇತ, ಅವಳು ಬರೆದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಇಚ್ಚಾಯ ಆ ಚೌಕದಲ್ಲಿ ಇಟ್ಟಿದ್ದಾರೆ. ಫೋನು ಹಿಡಿದರೆ ಸಾಕು, ಮಾತಾಡುತ್ತಾಳೆ ಕಣೇ! ಚಪ್ಪಲಿ ಕಿತ್ತುಹೋಯಿತು ಅಂತಾಳೆ, ಮೆಸ್ಸಿನ ಮೀನು ಸಾರಿಗೆ ಉಪ್ಪಿಲ್ಲ ಅಂತಾಳೆ. ನಾವು ಮಲಗುವುದು ಅವಳ ಕೋಣೆಯಲ್ಲಿ, ಬಾಚಣಿಗೆಯಲ್ಲಿ ಇನ್ನೂ ಅವಳ ಒಂದು ಕೂದಲಿದೆ. ಮೊದಲ ಸಲ ಓದಿದಾಗ ನನಗೇ ಬರೆದಳೇನೋ ಅನ್ನಿಸಿ ಮೈ ಜುಂ ಅಂದಿತು. ಕೊನೆಯದು ಒಂದು ಸೋಮವಾರದ್ದು, ಥಟ್ಟನೆ ಮುಗಿಯುತ್ತದೆ. ಮುಂದೆ ಇಲ್ಲವಾ ಅಂದರೆ ಇಚ್ಚಾಯ, "ಜಾಗ ಮುಗೀತು" ಅಂದರು.

ಆದರೆ ಅಮ್ಮಚ್ಚಿಗೆ ಇಂಗ್ಲಿಷ್ ಅಕ್ಷರ ಬಾರದು. ಮಗಳ ಮಾತು ಕಲ್ಲಿನಲ್ಲಿದೆ, ತಾಯಿಗೆ ಓದಲಾಗದು. ಫೋನು ಹಿಡಿದು ಸುಮ್ಮನೆ ನೋಡಿ ಬರುತ್ತಾರೆ. ನನಗೆ ತಡೆಯಲಾಗಲಿಲ್ಲ. ನವೆಂಬರ್ ಎರಡರ ಸತ್ತವರ ಹಬ್ಬಕ್ಕೆ ಎಲ್ಲರೂ ಮೇಣದ ಬತ್ತಿ ಹಿಡಿದು ಸಮಾಧಿಯ ಮುಂದಿನ ಒಪ್ಪೀಸು ಪ್ರಾರ್ಥನೆಗೆ ಹೋಗುತ್ತಾರಲ್ಲ, ಅಷ್ಟರಲ್ಲಿ ಎಲ್ಲವನ್ನೂ ಮಲಯಾಳಂಗೆ ತಿರುಗಿಸಿ, ಎರಡು ಚೌಕ ಮಾಡಿ, ಹೊಸ ಫಲಕ ಕೂರಿಸೋಣ ಎಂದುಕೊಂಡೆ. ಇಚ್ಚಾಯ ಕಲ್ಲು ತರಲು ಕೃಷ್ಣಗಿರಿಗೆ ಹೋಗಿದ್ದರು. ಬರುವಷ್ಟರಲ್ಲಿ ಬೆರಗುಗೊಳಿಸಬೇಕು! ಹೊಸ ಹೆಂಡತಿಯ ಹುರುಪು, ನಿನಗೆ ಗೊತ್ತಲ್ಲ.

ಅವರ ಕಂಪ್ಯೂಟರಿನಲ್ಲಿ ಹಳೆಯ ಚೌಕ ತೆರೆದೆ. ಐನೂರು ಅಕ್ಷರವೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ಖಾಲಿ ಉಳಿದಲ್ಲಿ ಏನೂ ಹೇಳದ ಚುಕ್ಕಿಗಳು ತಾವೇ ತುಂಬಿಕೊಳ್ಳುತ್ತವಂತೆ. ಇಚ್ಚಾಯ ಲೆಕ್ಕ ತಪ್ಪಿರಬೇಕು ಅಂದುಕೊಂಡೆ.

ಇಂಗ್ಲಿಷಿನಲ್ಲಿ ಒತ್ತುತ್ತಾ ಹೋದರೆ ಫೋನು ತಾನೇ ಮಲಯಾಳಂ ಮಾಡಿಕೊಡುತ್ತದೆ. ಚಪ್ಪಲಿ ಮುಗಿಯಿತು, ಮೀನು ಸಾರು ಮುಗಿಯಿತು. ಸೋಮವಾರಕ್ಕೆ ಬಂದೆ. "nalla pani. ಈ ವಾರ ಬರಲ್ಲ. ಅಮ್ಮಚ್ಚಿಗೆ ಹೇಳಬೇಡ."

ಫೋನು ಎರಡು ಪದ ಮುಂದಿಟ್ಟು, ಯಾವುದು ಅಂತ ಕೇಳಿತು. ಪಣಿ. ಪನಿ. ಕೆಲಸ, ಇಲ್ಲವೇ ಜ್ವರ. ನಾವು ಬರೆಯುವ ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ ಅಲ್ಲವೇನೇ! ತುಂಬಾ ಕೆಲಸವೋ, ತುಂಬಾ ಜ್ವರವೋ?

ನಾನು ಪೆದ್ದಿ, ಅಡುಗೆಮನೆಗೆ ಕೂಗಿ ಕೇಳಿದೆ: "ಅಮ್ಮಚ್ಚೀ, ಆಲ್ಫಿಗೆ ಅಲ್ಲಿ ಕೆಲಸ ಜಾಸ್ತಿಯಿತ್ತಾ?"

"ಅವಳಿಗೆಂಥ ಕೆಲಸ!" ಮರಗೆಣಸು ಹೆಚ್ಚುತ್ತಲೇ ಅಮ್ಮಚ್ಚಿ ನಕ್ಕರು. "ಪಾತ್ರೆ ತೊಳಿ ಅಂದ್ರೆ ಸಾಕು, ಜ್ವರ ಅಂತ ಕಂಬಳಿ ಹೊದ್ದು ಮಲಗೋಳು, ಕಳ್ಳಿ. ಪಣಿ ಅಂದ್ರೆ ಪನಿ ಬಂತು ಅಂತ ನಿನ್ನ ಗಂಡ ಅಣಕಿಸೋನು. ಇಬ್ಬರೂ ಅದನ್ನೇ ಹೇಳಿ ಹೇಳಿ ಬಿದ್ದು ಬಿದ್ದು ನಗೋರು."

ನನ್ನ ಬೆರಳು ನಿಂತಿತು. ಜ್ವರವಾದರೆ ಅದು ಸೋಮವಾರವೇ ಇತ್ತು. ಎರಡು ದಿನವಲ್ಲ, ಐದು ದಿನ. ಹೆಚ್ಚುವ ಸದ್ದು ಕೇಳುತ್ತಲೇ ಇತ್ತು. ನಾನು 'ಪಣಿ' ಒತ್ತಿದೆ. ಕೆಲಸ.

ಇಚ್ಚಾಯ ವಾಪಸಾದಾಗ, ಅವರ ಕೆಲಸದ ಹುಡುಗನ ಕೈಲಿ ಕೊರೆಸಿಟ್ಟ ಫಲಕ ತೋರಿಸಿದೆ. ಮುಟ್ಟಿದರು. ಕೇಳಿದ್ದು ಒಂದೇ: "ಯಾವ ಪಣಿ ಹಾಕಿದೆ?"

"ಕೆಲಸದ್ದು."

"ಹ್ಞೂಂ," ಎಂದು ಕೈ ತೊಳೆಯಲು ಹೋದರು.

ಹಬ್ಬದ ದಿನ ಅಮ್ಮಚ್ಚಿ ಮೊದಲ ಬಾರಿಗೆ ಮಗಳನ್ನು ಓದಿದರು. ಚೌಕಕ್ಕೆ ಫೋನು ಹಿಡಿದು, ಕನ್ನಡಕ ಹಾಕಿ, ತುಟಿ ಅಲ್ಲಾಡಿಸುತ್ತಾ. ಮೀನು ಸಾರಿಗೆ ನಕ್ಕರು, ಚಪ್ಪಲಿಗೆ ಅತ್ತರು. ಸೋಮವಾರದಲ್ಲಿ ನಿಂತರು.

"ಕೆಲಸ ಇದೆ ಅನ್ನೋದನ್ನ ನನಗೆ ಯಾಕೆ ಹೇಳಬೇಡ ಅಂದಳು?"

ಇಚ್ಚಾಯನ ಕೈಯ ಬತ್ತಿಯ ಮೇಣ ಬೆರಳ ಮೇಲೆ ಇಳಿಯುತ್ತಿತ್ತು, ಕೊಡವಿಕೊಳ್ಳಲಿಲ್ಲ. ನಾನೇ ಬಾಯಿ ಹಾಕಿದೆ: "ಬರಲ್ಲ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ, ಅಮ್ಮಚ್ಚಿ."

ಅವರು ಸೆರಗಿನಿಂದ ಚೌಕ ಒರೆಸಿದರು. "ಅಕ್ಷರ ಚೆನ್ನಾಗಿ ಬಂದಿದೆ ಮೋಳೆ," ಅಂದರು.

ಅಂದಿನಿಂದ ಎರಡು ದಿನದ ಮಾತು ಅವರ ಬಾಯಲ್ಲಿ ಬಂದಿಲ್ಲ. ಬೆಳಿಗ್ಗೆ ಇಚ್ಚಾಯ ಎದ್ದು ಹೋದ ಮೇಲೆ, ನಾನು ಏಳುವ ಮೊದಲೇ ಕೋಣೆಗೆ ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ನಾನು ಕಣ್ಣು ಮುಚ್ಚಿಕೊಂಡೇ ಇರುತ್ತೇನೆ. ಆ ಕೈ ನನ್ನನ್ನು ಹುಡುಕಿಕೊಂಡು ಬಂದದ್ದಲ್ಲ ಅಂತ ನನಗೆ ಗೊತ್ತು.

ನಿನ್ನ ಪುಟ್ಟನಿಗೆ ಎರಡೂ ಕೆನ್ನೆಗೆ ಮುತ್ತು. ಜೋಮೋನ್ ಅಣ್ಣನಿಗೆ ನಮಸ್ಕಾರ. ದೇವಮಾತೆ ನಿಮ್ಮೆಲ್ಲರನ್ನೂ ತನ್ನ ಸೆರಗಿನಡಿ ಕಾಯಲಿ. ಮೈ ಸ್ವಲ್ಪ ಬಿಸಿಯಾದರೂ ಫೋನು ಮಾಡಿ ಬಾಯಲ್ಲೇ ಹೇಳು, ಆಯಿತಾ?

ನಿನ್ನವಳೇ ಆದ
ಡೋನಾ

ಮರೆತಿದ್ದು: ಮರೆತಿರಲಿಲ್ಲ ಶೆರೀ, ಬರೆಯಲು ಕೈ ಬರಲಿಲ್ಲ. ಜಾಗ ಯಾಕೆ ಖಾಲಿ ಬಿಟ್ಟಿರಿ ಅಂತ ನಿನ್ನೆ ಇಚ್ಚಾಯನನ್ನು ಕೇಳಿಯೇಬಿಟ್ಟೆ. ಹಳೆಯ ಫೋನು ತೆಗೆದು ನನ್ನ ಕೈಗಿಟ್ಟು ಹೊರಗೆ ಹೋದರು. ಸೋಮವಾರದ ಸಂದೇಶಕ್ಕೆ ಅವರ ಉತ್ತರ: "ಭೇಷ್, ಮುಗಿಸಿಕೊಂಡೇ ಬಾ." ಮಂಗಳವಾರ ಆಲ್ಫಿ ಮತ್ತೆ ಬರೆದಿದ್ದಾಳೆ: "pani alla, pani." ಕೆಲಸ ಅಲ್ಲ, ಜ್ವರ. ಹಳೆಯ ತಮಾಷೆ ಅಂದುಕೊಂಡು ಇಚ್ಚಾಯ ಒಂದು ನಗುವ ಮುಖ ಕಳಿಸಿದ್ದಾರೆ. ಆಮೇಲೆ ಅವಳು ಏನೂ ಬರೆದಿಲ್ಲ. ನಗುವ ಮುಖಕ್ಕೆ ಚೌಕದಲ್ಲಿ ಎಷ್ಟು ಜಾಗ ಬೇಕೆಂದು ನೋಡಿದೆ. ನಾಲ್ಕು ಇಂಗ್ಲಿಷ್ ಅಕ್ಷರದಷ್ಟು. ಜಾಗವಿತ್ತು.