ಅಮ್ಮ ಬರೆದ ಕಮೆಂಟು

ಅಕ್ಟೋಬರ್ ೧೭, ಗುರುವಾರ. ಸಿಯೋಲ್

ಇವತ್ತೂ ನನ್ನ ಕೋಣೆಯ ಬಗೆಗಿನ ಜಗಳ ನಿಂತಿಲ್ಲ.

ಯುವಜನರಿಗೆ ಸರ್ಕಾರ ಕಡಿಮೆ ಬಾಡಿಗೆಗೆ ಮನೆ ಕೊಡುವ ಯೋಜನೆಯ ಪರ ಇರುವ ನೋ ಎಂಬ ಸಂಸದೆ ಹೋದ ವಾರ ಬಂದು, ಕಿಟಕಿಯಿಲ್ಲದ ಈ ಗೂಡಿನ ಫೋಟೊ ತೆಗೆದು ಜಾಲತಾಣಕ್ಕೆ ಹಾಕಿದರು. ಯೋಜನೆಯನ್ನು ವಿರೋಧಿಸುವ ಪ್ರೊಫೆಸರ್ ಪ್ಯೋ ಅದೇ ಫೋಟೊದಲ್ಲಿ ದುಬಾರಿ ಕಾಫಿ ಅಂಗಡಿಯ ಹೆಸರಿದ್ದ ನನ್ನ ಲೋಟಕ್ಕೆ ಕೆಂಪು ಸುತ್ತು ಹಾಕಿ, ‘ಇದಕ್ಕೆ ದುಡ್ಡಿದೆ, ಬಾಡಿಗೆಗೆ ಮಾತ್ರ ಇಲ್ಲ’ ಎಂದು ಬರೆದರು. ಆಮೇಲೆ ವಕೀಲರು, ಸಂಪಾದಕರು, ಮಾಜಿ ಮಂತ್ರಿಗಳು ಎಲ್ಲರೂ ಜಗಳಕ್ಕೆ ಇಳಿದರು. ಒಂದು ಕಡೆಯವರಿಗೆ ನಾನು ಹುತಾತ್ಮಳು, ಇನ್ನೊಂದು ಕಡೆಯವರಿಗೆ ಸೋಮಾರಿ. ಇಬ್ಬರಿಗೂ ನನ್ನ ಹೆಸರು ಬೇಕಿಲ್ಲ.

ಇವತ್ತು ಅಮ್ಮನೂ ಬರೆದುಬಿಟ್ಟಳು. ಗುನ್ಸಾನ್ ಊರಿನ ಶಾಲೆಯಲ್ಲಿ ಅಡುಗೆ ಮಾಡುವವಳು, ಜಾಲತಾಣದಲ್ಲಿ ಈವರೆಗೆ ಒಂದಕ್ಷರ ಬರೆದವಳಲ್ಲ. ‘ಸಾರ್, ಅವಳು ನನ್ನ ಮಗಳು. ಆ ಲೋಟ ಅವಳು ಕೆಲಸ ಮಾಡುವ ಅಂಗಡಿಯದು’ ಎಂದು ಪ್ರೊಫೆಸರರ ಪೋಸ್ಟಿನ ಕೆಳಗೆ, ಅಕ್ಷರತಪ್ಪುಗಳ ಸಮೇತ. ಅವರ ಕಡೆಯವರು ‘ಪಾರ್ಟಿಯ ಕೂಲಿ’ ಎಂದು ನಕ್ಕರು. ಸಂಸದೆ ಅದನ್ನೇ ‘ಒಬ್ಬ ತಾಯಿಯ ಕಣ್ಣೀರು’ ಎಂದು ಹಂಚಿದರು. ಅಮ್ಮ ಅತ್ತಿರಲಿಲ್ಲ.

ಸಂಜೆ ಫೋನ್ ಮಾಡಿದಳು.

“ನಾನು ಬರ್ದಿದ್ದು ತಪ್ಪಾಯ್ತೇನೇ, ಸುಲ್ಗಿ?”

“ಇಲ್ಲಮ್ಮ. ಸರಿಯಾಗೇ ಬರ್ದಿದ್ದೀಯ.”

“ಮತ್ತೆ ಆ ಸಾರ್ ಉತ್ತರನೇ ಕೊಡ್ಲಿಲ್ವಲ್ಲ? ನೋಡಿರಲ್ಲ ಅನ್ಸುತ್ತೆ ಬಿಡು. ಓದಿದೋರು, ಪುರುಸೊತ್ತಿರಲ್ಲ.”

“ಹೂಂನಮ್ಮ, ನೋಡಿರಲ್ಲ.”

ಅವಳ ಕಮೆಂಟಿನ ಕೆಳಗೆ ಸಾಲಾಗಿ ಬಿದ್ದಿರುವ ನಗುವ ಮುಖಗಳಲ್ಲಿ ಮೊದಲನೆಯದು ಆ ಪ್ರೊಫೆಸರ್ ಮಹಾನುಭಾವರು ಒತ್ತಿದ್ದೇ. ಆ ಮುಖದ ಮೇಲೆ ಬೆರಳೊತ್ತಿದರೆ ಹೆಸರು ಕಾಣುತ್ತದೆಂದು ಅಮ್ಮನಿಗೆ ಯಾರೂ ಹೇಳಿಕೊಡದಿದ್ದರೆ ಸಾಕು.