ಅಟ್ಟದ ಮೇಲಿದ್ದ ಡಬ್ಬ

ಶಿಕಾರಿಪುರ
ತಾ. ೧೪-೧೧-೧೯೯೬

ಚಿ|| ಗಂಗಾಶ್ರೀಗೆ ನಿನ್ನ ಅಜ್ಜಿ ರಾಜೇಶ್ವರಮ್ಮ ಹರಸಿ ಬರೆಯುವುದು.

ನಿನ್ನ ಕಾಗದ ಬಂದು ತಿಂಗಳಾಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಅಂತ ತಡವಾಯಿತು ಅಂದರೆ ನೀನು ನಂಬುತ್ತೀಯ. ಅದು ಸುಳ್ಳು. ಹೆದರಿ ಬರೆಯಲಿಲ್ಲ. ಇಲ್ಲಿ ಎಲ್ಲರೂ ಉಂಡು ಮಲಗುತ್ತಿದ್ದಾರೆ, ಅದನ್ನೇ ಕ್ಷೇಮ ಅಂತ ತಿಳಿದುಕೋ. ನಿಮ್ಮಮ್ಮನಿಗೆ ಮಂಡಿನೋವು. ನಿಮ್ಮಪ್ಪನಿಗೆ ಬಾಯಿ ಜೋರು, ಅದಕ್ಕೆ ಔಷಧಿ ಇಲ್ಲ.

ನಿನ್ನ ಕಾಗದವನ್ನು ಅವನು ಜಗಲಿ ಮೇಲೆ ನಿಂತು ನಾಲ್ಕು ಜನರ ಮುಂದೆ ಓದಿದ. "ನಮ್ಮ ಗದ್ದೆ ಮಣ್ಣಲ್ಲಿರೋ ವಿಷ ಹಳೇದಂತೆ. ಹೊಳೇಲಿ ನಮ್ಮ ಬಟ್ಟೆ ಒಗೆಯೋ ಕಲ್ಲಿನ ಬುಡದ ಹೂಳಲ್ಲಿರೋದು ಹೊಸದಂತೆ. ಯಾರೋ ಈಚೆಗೆ ಸುರಿದಿದ್ದಾರಂತೆ!" ಅಂದವನೇ ಮಾಸ್ತಪ್ಪನ ಕಡೆ ತಿರುಗಿದ. ಮಾಸ್ತಪ್ಪ ಇಪ್ಪತ್ತು ವರ್ಷದಿಂದ ನಮ್ಮ ಗದ್ದೆಗೆ ಔಷಧಿ ಹೊಡೆದವನು, ಪಂಪು ತೊಳೆಯೋದು ಆ ಕಲ್ಲಿನ ಹತ್ತಿರವೇ.

"ಆ ಬಿ.ಎಚ್.ಸಿ. ಹುಳದ ಪುಡಿ ಮುಟ್ಟಿ ಹತ್ತು ವರ್ಷ ಆತ್ರೀ ಗೌಡ್ರೇ."

"ಹಂಗಾದ್ರೆ ನನ್ನ ಮಗಳ ವಿಷ ಅಳೆಯೋ ಮಿಷನ್ನು ಸುಳ್ಳು ಹೇಳ್ತದೇನೋ?"

ಪಕ್ಕದ ಮನೆ ಉಜ್ಜಪ್ಪನ ಎಮ್ಮೆ ತಿಂಗಳು ತುಂಬದೆ ಕಂದು ಹಾಕಿದ್ದನ್ನೂ ಮಾಸ್ತಪ್ಪನ ತಲೆಗೇ ಕಟ್ಟಿದರು. ಈಗ ಅವನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಹೆಂಡತಿಯ ತವರು ಸೊರಬದ ಕಡೆ, ಅಲ್ಲಿಗೆ ಹೊರಟುಹೋದ. ಹೋಗುವ ದಿನ ಪಂಪನ್ನು ತೊಳೆಯಲಿಲ್ಲ, ಒಣಬಟ್ಟೆಯಲ್ಲಿ ಒರೆಸಿ ಕೊಟ್ಟಿಗೆಯಲ್ಲಿಟ್ಟ.

ಬೇಸಿಗೆಯಲ್ಲಿ ನೀನು ಪರೀಕ್ಷೆಗೆ ಅಂತ ಮಣ್ಣು ತುಂಬಿಕೊಳ್ಳಲು ಬಂದಾಗ, ನಾನು ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದೆ. ನೀನು ಅಂದೆ, "ಅಜ್ಜಿ, ಈ ವಿಷದಲ್ಲಿ ಎರಡು ರೂಪ ಇರ್ತಾವೆ, ನಿನ್ನ ಎಡಗೈ ಬಲಗೈ ಇದ್ದಂಗೆ. ನೋಡೋಕೆ ಒಂದೇ, ಒಂದರ ಮೇಲೊಂದು ಇಟ್ಟರೆ ಹೊಂದಲ್ಲ. ಮಣ್ಣಿಗೆ ಬೀಳೋವಾಗ ಎರಡೂ ಸಮ. ಮಣ್ಣಲ್ಲಿರೋ ಕಣ್ಣಿಗೆ ಕಾಣದ ಜೀವಗಳು ಒಂದನ್ನ ಬೇಗ ತಿಂತಾವೆ, ಇನ್ನೊಂದು ಉಳಿಯುತ್ತೆ. ಎರಡೂ ಸಮ ಸಿಕ್ಕರೆ ಅದು ಹೊಸದು."

ನಾನು ಮೂರನೇ ಕ್ಲಾಸಿಗೇ ಓದು ಬಿಟ್ಟವಳು, ಆದರೂ ಕೇಳುತ್ತೇನೆ. ಮುಚ್ಚಳ ಬಿಗಿದ ಡಬ್ಬದೊಳಗೆ ಯಾವ ಜೀವ ಹೋಗಿ ತಿನ್ನಬೇಕು? ಅಟ್ಟದ ಮೇಲೆ ಇಪ್ಪತ್ತೆರಡು ವರ್ಷ ಕೂತ ಬಿ.ಎಚ್.ಸಿ. ಪುಡಿ ಹೊಳೆಗೆ ಬಿದ್ದ ದಿನ ಹೊಸದೇ ಅಲ್ಲವಾ?

ಸುರಿದವಳು ನಾನು. ಮನೆ, ಗದ್ದೆ, ಹೊಳೆ ಎಲ್ಲಾ ಕಡೆ ವಿಷ ಹುಡುಕಲು ಬರ್ತೀನಿ ಅಂತ ನೀನು ಬರೆದಿದ್ದೆಯಲ್ಲ, ಅದರ ಮಾರನೇ ದಿನವೇ ಬಟ್ಟೆ ಬುಟ್ಟಿಯಲ್ಲಿ ಡಬ್ಬ ಮುಚ್ಚಿಟ್ಟುಕೊಂಡು ಹೋಗಿ ಕಲ್ಲಿನ ಬುಡಕ್ಕೆ ಬಗ್ಗಿಸಿದೆ. ನೀರು ಕೊಂಡೊಯ್ಯುತ್ತದೆ ಅಂದುಕೊಂಡೆ. ಬೇಸಿಗೆಯಲ್ಲಿ ಹೊಳೆಗೆ ನೀರೆಲ್ಲಿತ್ತು, ನನಗೆ ಬುದ್ಧಿಯೆಲ್ಲಿತ್ತು!

ನಿನ್ನ ಮಿಷನ್ನು ಸುಳ್ಳು ಹೇಳಲಿಲ್ಲ. ಅದರ ಮಾತಿಗೆ ನಿಮ್ಮಪ್ಪ ಒಬ್ಬ ಮನುಷ್ಯನ ಹೆಸರು ಅಂಟಿಸಿದ. ನಾನು ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಸುಮ್ಮನಿದ್ದೆ. ನಿನ್ನ ಸಂಶೋಧನೆಯ ಪುಸ್ತಕ ಅಚ್ಚಾಗುವ ಮೊದಲು ಇದನ್ನು ತಿದ್ದು. ಈ ಕಾಗದವನ್ನೇ ನಿಮ್ಮಪ್ಪನಿಗೆ ಕಳಿಸು. ನಾನು ಬಾಯಲ್ಲಿ ಹೇಳಿದರೆ ಮುದುಕಿಗೆ ಅರಳುಮರಳು ಅಂತಾನೆ. ಓದಿದ ಮಗಳು ಕಳಿಸಿದರೆ ಓದುತ್ತಾನೆ. ಅದೇ ಜಗಲಿ ಮೇಲೆ, ಅದೇ ನಾಲ್ಕು ಜನರ ಮುಂದೆ ಓದಲಿ. ಆಮೇಲೆ ಸೊರಬದ ಬಸ್ಸು ಹತ್ತಲಿ.

ಹೊಟ್ಟೆ ತುಂಬ ಉಣ್ಣು. ಆ ಸೀಸೆಗಳನ್ನು ಮುಟ್ಟಿದ ಕೈ ಚೆನ್ನಾಗಿ ತೊಳೆದು ಉಣ್ಣು. ನೀನು ಹಿಡಿದ ಕೆಲಸ ನೆಟ್ಟಗೆ ದಡ ಸೇರಲಿ.

ನಿನ್ನ ಅಜ್ಜಿ
ರಾಜೇಶ್ವರಮ್ಮ

ಮರೆತ ಮಾತು: ಮರೆತದ್ದಲ್ಲ. ಆ ಡಬ್ಬ ಯಾಕೆ ಬಚ್ಚಿಟ್ಟಿದ್ದೆ ಅಂತ ನೀನು ಕೇಳೇ ಕೇಳುತ್ತೀಯ. ನೀನು ತೊಟ್ಟಿಲಲ್ಲಿದ್ದಾಗ ನಿಮ್ಮಕ್ಕ ಸೌಂದರ್ಯ ಹೋದಳಲ್ಲ, ಐದು ವರ್ಷದವಳು. ತಲೆ ತುಂಬ ಹೇನು, ಕೆರೆದು ಕೆರೆದು ಹುಣ್ಣು. ಹೇನಿಗೆ ಆ ಪುಡಿ ಹಚ್ಚೋದು ಆಗ ಎಲ್ಲರ ಮನೆಯಲ್ಲೂ ಇತ್ತು. ಎಡಗೈಯಲ್ಲಿ ಜಡೆ ಹಿಡಿದು ಬಲಗೈಯಲ್ಲಿ ತಿಕ್ಕಿ ಬಟ್ಟೆ ಕಟ್ಟಿದೆ. "ಉರೀತದೆ ಅಜ್ಜಿ" ಅಂದಳು. "ಹೇನು ಸಾಯೋ ತನಕ ಸುಮ್ಮನೆ ಕೂತ್ಕೋ" ಅಂತ ಗದರಿದೆ. ಸಂಜೆಗೆ ಕೈಕಾಲು ಸೆಟೆದವು. ಬಿಸಿಲಲ್ಲಿ ಆಡಲು ಬಿಟ್ಟು ಕೂಸನ್ನು ಕೊಂದವಳು ನೀನೇ ಅಂತ ನಿಮ್ಮಪ್ಪ ನಿಮ್ಮಮ್ಮನನ್ನು ಬೈದ. ಅವಳು ಇವತ್ತಿಗೂ ಹಾಗೇ ಅಂದುಕೊಂಡಿದ್ದಾಳೆ. ಆವತ್ತೂ ನಾನು ಒಳಬಾಗಿಲಲ್ಲೇ ನಿಂತಿದ್ದೆ. ಇದನ್ನೂ ಜಗಲಿ ಮೇಲೆ ಓದಿಸು. ನಿಮ್ಮಮ್ಮನಿಗೆ ಕೇಳುವ ಹಾಗೆ.